ಯುದ್ಧನೌಕೆ ಅಡ್ಡ ಬಂದರೆ ದಾರಿ ಬಿಡಬೇಕಾದವರು ಯಾರು?

ಓದುಗರ ಪ್ರಶ್ನೆ: ನಾನು 190 ಮೀಟರ್ ಉದ್ದದ, ಸರಕು ಸಾಗಿಸುವ ಬಲ್ಕ್ ಕ್ಯಾರಿಯರ್‌ನಲ್ಲಿ ಸೆಕೆಂಡ್ ಆಫೀಸರ್. ರಾತ್ರಿ 12ರಿಂದ 4ರ ವಾಚ್ ನನ್ನದು. ಕಳೆದ ತಿಂಗಳು ತೆರೆದ ಸಮುದ್ರದಲ್ಲಿ ನಾವು 13 ನಾಟ್ (ಗಂಟೆಗೆ 13 ನಾಟಿಕಲ್ ಮೈಲಿ) ವೇಗದಲ್ಲಿದ್ದಾಗ ಎಡಬದಿಯಿಂದ ಒಂದು ಗುರುತು ಅಡ್ಡ ಬರುತ್ತಿತ್ತು. ರೇಡಾರ್‌ನಲ್ಲಿ ಸಣ್ಣದಾಗಿ ಕಂಡಿತು, ಎಐಎಸ್‌ನಲ್ಲಿ (ಹಡಗುಗಳು ತಮ್ಮ ಹೆಸರು, ಸ್ಥಾನ ಪ್ರಸಾರ ಮಾಡುವ ವ್ಯವಸ್ಥೆ) ಏನೂ ಇರಲಿಲ್ಲ. ಮೀನುಗಾರಿಕೆ ದೋಣಿ ಇರಬೇಕು ಎಂದುಕೊಂಡೆ. ಮೂರು ನಾಟಿಕಲ್ ಮೈಲಿಗೆ ಬಂದಾಗ ದುರ್ಬೀನು ಹಿಡಿದು ನೋಡಿದರೆ ಯುದ್ಧನೌಕೆ, ಸುಮಾರು 20 ನಾಟ್ ವೇಗ. ನಾನು ಅದರ ಬಲಬದಿಗಿದ್ದೆ, ಹಾಗಾಗಿ ದಾರಿ ಬಿಡಬೇಕಾದದ್ದು ಅದು. ನಾನು ಕೋರ್ಸ್ (ಸಾಗುವ ದಿಕ್ಕು) ಹಿಡಿದುಕೊಂಡೆ. ಕೊನೆಗೆ ಅದು ನನ್ನ ಹಿಂದಿನಿಂದ ದಾಟಿತು, ಆದರೆ ಅರ್ಧ ಮೈಲಿಗಿಂತ ಹತ್ತಿರದಲ್ಲಿ. "ಯುದ್ಧನೌಕೆ ಕಂಡರೆ ನಾವೇ ಸರಿಯಬೇಕು, ಅವರಿಗೆ ನಿಯಮ ಅನ್ವಯಿಸುವುದಿಲ್ಲ" ಎಂದು ಚೀಫ್ ಆಫೀಸರ್ ಬೈದರು. "ನೀನು ಮಾಡಿದ್ದೇ ಸರಿ" ಎಂದು ಕ್ಯಾಪ್ಟನ್ ಹೇಳಿದರು. ಯಾರ ಮಾತು ನಂಬಲಿ? ಡಿಕ್ಕಿ ಆಗಿದ್ದರೆ ಹೊಣೆ ಯಾರದು? ಎಐಎಸ್ ಹಾಕದೆ ಬಂದವರದ್ದೇ ತಪ್ಪಲ್ಲವೇ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಹೆಣೆದುಕೊಂಡಿವೆ. ದಾರಿ ಬಿಡುವ ಕೆಲಸ ಯಾರದು, ಅವರು ಅದನ್ನು ಮಾಡದಿದ್ದಾಗ ನಿಮ್ಮ ಕೆಲಸವೇನು, ಡಿಕ್ಕಿಯಾದ ಮೇಲೆ ನಷ್ಟ ಯಾರ ತಲೆಗೆ ಎಂಬ ಈ ಮೂರನ್ನೂ ಒಂದೇ ಎಂದುಕೊಂಡಾಗಲೇ ಬ್ರಿಡ್ಜ್‌ನಲ್ಲಿ (ಹಡಗು ನಡೆಸುವ ಕೋಣೆಯಲ್ಲಿ) ಗೊಂದಲ ಹುಟ್ಟುವುದು. ಚೀಫ್ ಆಫೀಸರ್ ಹೇಳಿದ್ದು ಕಾನೂನಿನ ಮಟ್ಟಿಗೆ ತಪ್ಪು. ಕ್ಯಾಪ್ಟನ್ ಹೇಳಿದ್ದು ಮೂರು ಮೈಲಿಯವರೆಗೆ ಸರಿ, ಅರ್ಧ ಮೈಲಿಗೆ ಬಂದಾಗ ಸರಿಯಲ್ಲ.

ಮೊದಲು ಕಾನೂನು ನೋಡೋಣ. ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಾವಳಿ 1972ರಲ್ಲಿ ಅಂಗೀಕಾರವಾಗಿ 1977ರ ಜುಲೈ 15ರಿಂದ ಜಾರಿಯಲ್ಲಿದೆ. ಅದರ ಮೊದಲನೇ ನಿಯಮವೇ ಹೇಳುವಂತೆ, ತೆರೆದ ಸಮುದ್ರದಲ್ಲಿಯೂ ಅದಕ್ಕೆ ಸೇರಿದ ನೀರಿನಲ್ಲಿಯೂ ಇರುವ ಎಲ್ಲ ಹಡಗುಗಳಿಗೂ ಇದು ಅನ್ವಯ. ಯುದ್ಧನೌಕೆ ಬಿಟ್ಟು ಎಂಬ ಮಾತು ಅದರಲ್ಲಿಲ್ಲ. ನೌಕಾಪಡೆಗಳಿಗೆ ಸಿಕ್ಕಿರುವ ಸಡಿಲಿಕೆ ಬಹಳ ಕಿರಿದು. ಹೆಚ್ಚುವರಿ ಗುರುತಿನ ದೀಪ, ಆಕೃತಿ, ಸೀಟಿ ಸಂಕೇತಗಳನ್ನು ಸರ್ಕಾರ ಗೊತ್ತುಪಡಿಸಬಹುದು. ಹಡಗಿನ ವಿಶೇಷ ರಚನೆಯಿಂದಾಗಿ ದೀಪಗಳನ್ನು ಹೇಳಿದ ಜಾಗದಲ್ಲಿ ಇಡಲಾಗದಿದ್ದರೆ ಆದಷ್ಟು ಹತ್ತಿರದ ವ್ಯವಸ್ಥೆ ಮಾಡಿಕೊಳ್ಳಬಹುದು. ಸ್ಟೀರಿಂಗ್ ನಿಯಮಗಳಿಂದ ಯಾವ ವಿನಾಯಿತಿಯೂ ಇಲ್ಲ. ಎರಡು ಯಂತ್ರಚಾಲಿತ ಹಡಗುಗಳು ಅಡ್ಡ ಬಂದಾಗ ಇನ್ನೊಂದನ್ನು ತನ್ನ ಬಲಬದಿಗೆ ಕಾಣುವ ಹಡಗು ದಾರಿ ಬಿಡಬೇಕು ಎನ್ನುವ ನಿಯಮ 15, ವಿಮಾನವಾಹಕ ನೌಕೆಗೂ ನಿಮ್ಮ ಬಲ್ಕ್ ಕ್ಯಾರಿಯರ್‌ಗೂ ಒಂದೇ.

ಹಾಗಿದ್ದರೂ ಚೀಫ್ ಆಫೀಸರ್ ಮಾತು ಗಾಳಿಯಿಂದ ಹುಟ್ಟಿದ್ದಲ್ಲ. ಅದರ ಬೇರು ಎರಡು ಕಡೆ ಇದೆ. ಒಂದು, ನಿಯಮ 3 ಮತ್ತು 18. ವಿಮಾನ ಅಥವಾ ಹೆಲಿಕಾಪ್ಟರ್ ಹಾರಿಸುತ್ತಿರುವ, ಇಳಿಸಿಕೊಳ್ಳುತ್ತಿರುವ, ಚಲಿಸುತ್ತಲೇ ಇನ್ನೊಂದು ಹಡಗಿನಿಂದ ಇಂಧನ ತುಂಬಿಕೊಳ್ಳುತ್ತಿರುವ, ಸಮುದ್ರದ ಮೈನ್ ತೆರವು ಮಾಡುತ್ತಿರುವ ಹಡಗುಗಳನ್ನು ಚಲನೆಗೆ ನಿರ್ಬಂಧವಿರುವ ಹಡಗು ಎಂದು ಲೆಕ್ಕ ಹಾಕುತ್ತಾರೆ. ಅವಕ್ಕೆ ನೀವು ದಾರಿ ಬಿಡಲೇಬೇಕು. ಆದರೆ ಈ ಸವಲತ್ತು ಬರುವುದು ಆ ಹೊತ್ತು ಮಾಡುತ್ತಿರುವ ಕೆಲಸದಿಂದ, ಬಂದೂಕಿನಿಂದಲ್ಲ. ಬಂಕರ್ (ಹಡಗಿನ ಇಂಧನ) ತುಂಬಿಕೊಳ್ಳುತ್ತ ಸಾಗುವ ಸರಕು ಹಡಗಿಗೂ ಅದೇ ಸ್ಥಾನ. ಅದನ್ನು ತೋರಿಸುವುದು ಸಂಕೇತ: ರಾತ್ರಿ ಮೇಲಿನಿಂದ ಕೆಳಕ್ಕೆ ಕೆಂಪು, ಬಿಳಿ, ಕೆಂಪು ದೀಪ, ಹಗಲಲ್ಲಿ ಚೆಂಡು, ವಜ್ರ, ಚೆಂಡು. ಮೈನ್ ತೆರವು ಮಾಡುವ ಹಡಗಿನಲ್ಲಿ ಮೂರು ಹಸಿರು ದೀಪ ಕಂಡರೆ 1000 ಮೀಟರ್ ಒಳಗೆ ಹೋಗುವುದೇ ಅಪಾಯ ಎಂದರ್ಥ. ನೀವು ನೋಡಿದ ನೌಕೆ ಇಂಥ ಯಾವ ದೀಪವನ್ನೂ ತೋರಿಸಿರದಿದ್ದರೆ ಅದು ಬರೀ ಒಂದು ಯಂತ್ರಚಾಲಿತ ಹಡಗು, ಅಷ್ಟೇ.

ಎರಡನೆಯ ಬೇರು, ನೌಕಾಪಡೆಯ ಹಡಗುಗಳು ಗುಂಪಾಗಿ ಸಾಗುವಾಗ ಒಂಟಿ ಹಡಗುಗಳು ಬೇಗನೆ ದೂರ ಸರಿಯಲಿ, ಸಾಲಿನ ನಡುವೆ ನುಗ್ಗದಿರಲಿ ಎಂದು ನಾವಿಕರಿಗೆ ಹೊರಡಿಸುವ ಎಚ್ಚರಿಕೆಗಳು. ಅವನ್ನು ಪಾಲಿಸುವುದು ಜಾಣತನವೇ. ಮುಖ್ಯವಾದುದು ಯಾವಾಗ ಎಂಬುದು. ಡಿಕ್ಕಿಯ ಸಂಭವ ಹುಟ್ಟುವ ಮೊದಲೇ, ಅಂದರೆ ಹತ್ತು ಹನ್ನೆರಡು ಮೈಲಿ ದೂರದಲ್ಲೇ, ನೀವು ಐದು ಡಿಗ್ರಿ ಸರಿದು ಹೋದರೆ ಯಾರೂ ಕೇಳುವುದಿಲ್ಲ. ಸಂಭವ ಹುಟ್ಟಿದ ಮೇಲೆ, ಬೇರಿಂಗ್ (ಆ ಹಡಗು ಕಾಣುವ ದಿಕ್ಕು) ಬದಲಾಗದೆ ದೂರ ಮಾತ್ರ ಕಡಿಮೆಯಾಗುತ್ತಿರುವಾಗ, "ಪಾಪ ಯುದ್ಧನೌಕೆ" ಎಂದು ನಿಯಮ ಬಿಟ್ಟು ಅತ್ತಿತ್ತ ಹೊರಳಿದರೆ ಅವರ ಲೆಕ್ಕವೂ ಕೆಡುತ್ತದೆ. ಅವರು ನಿಮ್ಮ ಹಿಂದಿನಿಂದ ಹೋಗಲು ಬಲಕ್ಕೆ ತಿರುಗುವ ಹೊತ್ತಿಗೇ ನೀವು ಎಡಕ್ಕೆ ತಿರುಗಿ ಅವರ ಮುಂದೆಯೇ ನಿಲ್ಲುವುದು ಹೀಗೆ.

ಈಗ ಎಐಎಸ್ ವಿಷಯ. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಕಾನೂನು ನಿಮ್ಮ ಪರ ಅಷ್ಟಾಗಿ ಇಲ್ಲ. ಎಐಎಸ್ ಕಡ್ಡಾಯ ಮಾಡಿರುವುದು ಸಮುದ್ರದಲ್ಲಿ ಜೀವರಕ್ಷಣೆಯ ಸೋಲಾಸ್ ಒಪ್ಪಂದದ ಐದನೇ ಅಧ್ಯಾಯ. ಆ ಅಧ್ಯಾಯ ಯುದ್ಧನೌಕೆಗಳಿಗೆ ಅನ್ವಯಿಸುವುದಿಲ್ಲ, ಸಾಧ್ಯವಾದಷ್ಟು ಅದಕ್ಕೆ ಹೊಂದುವಂತೆ ನಡೆಯಲಿ ಎಂದು ಪ್ರೋತ್ಸಾಹಿಸುತ್ತದೆ, ಅಷ್ಟೇ. ಅಂದರೆ ಎಐಎಸ್ ಪ್ರಸಾರ ನಿಲ್ಲಿಸಿದ್ದೊಂದೇ ಕಾರಣಕ್ಕೆ ನೌಕಾಪಡೆಯ ಮೇಲೆ ಉಲ್ಲಂಘನೆಯ ಆರೋಪ ನಿಲ್ಲುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ನಿಯಮ 5 ನಿಮಗೆ ಕಣ್ಣು, ಕಿವಿ ಮತ್ತು ಲಭ್ಯವಿರುವ ಎಲ್ಲ ಸಾಧನಗಳಿಂದ ಕಾವಲು ಮಾಡಲು ಹೇಳುತ್ತದೆ. ನಿಯಮ 7 ಅರೆಬರೆ ಮಾಹಿತಿಯ ಮೇಲೆ, ಅದರಲ್ಲೂ ಅರೆಬರೆ ರೇಡಾರ್ ಮಾಹಿತಿಯ ಮೇಲೆ, ಊಹೆ ಕಟ್ಟಬೇಡಿ ಎನ್ನುತ್ತದೆ. "ಸಣ್ಣ ಗುರುತು, ಎಐಎಸ್ ಇಲ್ಲ, ಹಾಗಾದರೆ ಮೀನುಗಾರರ ದೋಣಿ" ಎಂಬ ನಿಮ್ಮ ಊಹೆ ಸರಿಯಾಗಿ ಆ ಬಲೆಗೇ ಬಿದ್ದದ್ದು. ಕಹಿಯಾದರೂ ಹೇಳಲೇಬೇಕು: ಆ ರಾತ್ರಿ ಡಿಕ್ಕಿಯಾಗಿದ್ದರೆ ತನಿಖಾಧಿಕಾರಿ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತಿತ್ತು.

ಆ ಊಹೆ ಸುಲಭವಾಗಿ ಹುಟ್ಟಲು ಕಾರಣಗಳಿವೆ. ಇತ್ತೀಚಿನ ಯುದ್ಧನೌಕೆಗಳ ಗೋಡೆಗಳು ಓರೆಯಾಗಿರುತ್ತವೆ; ರೇಡಾರ್ ಅಲೆ ನಿಮ್ಮತ್ತ ಹಿಂತಿರುಗದೆ ಬೇರೆಡೆಗೆ ಚದುರುತ್ತದೆ. 150 ಮೀಟರ್ ನೌಕೆ ಪರದೆಯ ಮೇಲೆ ಟ್ರಾಲರ್‌ನಷ್ಟೇ ಕಾಣಬಹುದು. ದೀಪಗಳೂ ಮೋಸ ಮಾಡುತ್ತವೆ. 50 ಮೀಟರ್ ದಾಟಿದ ಸರಕು ಹಡಗಿನಲ್ಲಿ ಎರಡು ಮಾಸ್ಟ್‌ಹೆಡ್ (ಕಂಬದ ಮೇಲಿನ ಬಿಳಿ) ದೀಪಗಳ ನಡುವೆ ಸಾಕಷ್ಟು ಅಂತರವಿರುವುದರಿಂದ ಅದು ಯಾವ ಕಡೆ ಮುಖ ಮಾಡಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಅನೇಕ ಯುದ್ಧನೌಕೆಗಳಲ್ಲಿ ಆ ಎರಡೂ ದೀಪ ಒಂದರ ಹತ್ತಿರ ಒಂದು ಇರುತ್ತವೆ, ಕೆಲವದರಲ್ಲಿ ಒಂದೇ ಇರುತ್ತದೆ. ಹಾಗಾಗಿ ದೊಡ್ಡ ಹಡಗು ಚಿಕ್ಕದಾಗಿ, ಅಡ್ಡ ಹೋಗುತ್ತಿರುವುದು ಎದುರು ಬರುವಂತೆ ಕಾಣುತ್ತದೆ. ವಿಮಾನವಾಹಕ ನೌಕೆಯಲ್ಲಿ ಈ ದೀಪಗಳು ನಡುಗೆರೆಯಲ್ಲೇ ಇರುವುದಿಲ್ಲ, ಬದಿಯ ಗೋಪುರದ ಮೇಲಿರುತ್ತವೆ. ನೀರಿನ ಮೇಲೆ ಬಂದ ಜಲಾಂತರ್ಗಾಮಿಯದು ಇನ್ನೂ ಕಷ್ಟ: ದೀಪಗಳು ತೀರಾ ಕೆಳಗೆ, ಒಡಲಿನ ಬಹುಭಾಗ ನೀರಿನೊಳಗೆ. ಕೆಲವು ದೇಶಗಳ ಜಲಾಂತರ್ಗಾಮಿಗಳು ಮಿನುಗುವ ಹಳದಿ ದೀಪ ಹಾಕಿಕೊಳ್ಳುವುದು ಇದಕ್ಕೇ.

ಆದರೆ ಯುದ್ಧನೌಕೆ ಅಡಗಿಸಲಾಗದ ಒಂದು ಸಂಗತಿ ಇದೆ, ವೇಗ. ಬಲೆ ಎಳೆಯುತ್ತಿರುವ ದೋಣಿ 20 ನಾಟ್‌ನಲ್ಲಿ ನೇರ ಗೆರೆ ಎಳೆದಂತೆ ಸಾಗುವುದಿಲ್ಲ. ಗುರುತು ಸಣ್ಣದು, ಎಐಎಸ್ ಇಲ್ಲ, ವೇಗ 15 ನಾಟ್‌ಗಿಂತ ಹೆಚ್ಚು: ಈ ಮೂರೂ ಒಟ್ಟಿಗೆ ಕಂಡರೆ ಅದು ದೋಣಿಯಲ್ಲ ಎಂದೇ ಹಿಡಿಯಿರಿ. ಆರ್ಪಾ (ರೇಡಾರ್ ಗುರುತುಗಳನ್ನು ತಾನೇ ಹಿಂಬಾಲಿಸಿ ಲೆಕ್ಕ ಹಾಕುವ ಸಾಧನ) ನಿಮಗೆ ಒಂದು ನಿಮಿಷದಲ್ಲಿ ಚಲನೆಯ ಒಲವನ್ನೂ ಮೂರು ನಿಮಿಷದಲ್ಲಿ ಪೂರ್ಣ ವೆಕ್ಟರನ್ನೂ (ದಿಕ್ಕು, ವೇಗ ತೋರುವ ಗೆರೆ) ಕೊಡಬೇಕು. ಆ ನೌಕೆ ಪದೇ ಪದೇ ಕೋರ್ಸ್ ಬದಲಿಸುತ್ತಿದ್ದರೆ ವೆಕ್ಟರ್ ಯಾವಾಗಲೂ ಹಿಂದೆ ಬಿದ್ದಿರುತ್ತದೆ ಎಂಬುದನ್ನೂ ನೆನಪಿಡಿ. ಅಂಥ ಹೊತ್ತಲ್ಲಿ ದಿಕ್ಕು ತೋರಿಸುವ ಜೈರೋ ರಿಪೀಟರ್‌ನಲ್ಲಿ ಕಣ್ಣಳತೆಯ ಬೇರಿಂಗ್ ತೆಗೆಯುವ ಹಳೆಯ ಪದ್ಧತಿಯೇ ವಾಸಿ.

ಇನ್ನು ನಿಮ್ಮ ಆ ರಾತ್ರಿಯ ಲೆಕ್ಕ. ನಿಮ್ಮ 13 ನಾಟ್, ಅವರ 20 ನಾಟ್, ಹೆಚ್ಚುಕಡಿಮೆ ಲಂಬಕೋನ ಎಂದಿಟ್ಟುಕೊಂಡರೆ ಒಬ್ಬರನ್ನೊಬ್ಬರು ಸಮೀಪಿಸುವ ವೇಗ ಸುಮಾರು 24 ನಾಟ್. ಎಂಟು ಮೈಲಿಯಲ್ಲಿ 20 ನಿಮಿಷ ಕೈಯಲ್ಲಿತ್ತು, ಆರು ಮೈಲಿಯಲ್ಲಿ 15, ನೀವು ಅದನ್ನು ಗುರುತಿಸಿದ ಮೂರು ಮೈಲಿಯಲ್ಲಿ ಏಳೂವರೆ. ಇದಕ್ಕೆ ನಿಮ್ಮ ಹಡಗಿನ ಸ್ವಭಾವವನ್ನು ಸೇರಿಸಿ. ಐಎಂಒ (ಅಂತರರಾಷ್ಟ್ರೀಯ ಸಾಗರ ಸಂಸ್ಥೆ) ಮಾನದಂಡದ ಪ್ರಕಾರ ಪೂರ್ತಿ ಚುಕ್ಕಾಣಿ ಹಾಕಿ ತಿರುಗುವಾಗ ಹಡಗು ಮುಂದಕ್ಕೆ ಸಾಗುವ ದೂರ ಅದರ ಉದ್ದದ ನಾಲ್ಕೂವರೆ ಪಟ್ಟು ಮೀರಬಾರದು. ಪೂರ್ತಿ ಹಿಮ್ಮುಖ ಎಂಜಿನ್ ಹಾಕಿದರೆ ನಿಲ್ಲುವ ದೂರ ಸಾಮಾನ್ಯವಾಗಿ 15 ಪಟ್ಟು ಮೀರಬಾರದು. 190 ಮೀಟರ್ ಹಡಗಿಗೆ ಮೊದಲನೆಯದು 855 ಮೀಟರ್ ವರೆಗೆ, ಎರಡನೆಯದು 2850 ಮೀಟರ್ ವರೆಗೆ, ಅಂದರೆ ಒಂದೂವರೆ ಮೈಲಿ. ಅರ್ಧ ಮೈಲಿ ಎಂದರೆ 926 ಮೀಟರ್. ನೀವು ಕಾದು ಕುಳಿತ ದೂರದಲ್ಲಿ ನಿಲ್ಲಿಸುವ ದಾರಿ ಆಗಲೇ ಮುಚ್ಚಿಹೋಗಿತ್ತು, ತಿರುಗುವ ದಾರಿಯೂ ಮುಚ್ಚುವುದರಲ್ಲಿತ್ತು.

ಇಲ್ಲಿಯೇ ನಿಯಮ 17 ಬರುತ್ತದೆ. ಕೋರ್ಸ್ ಹಿಡಿದಿರಬೇಕಾದ ಹಡಗು ಕೊನೆಯವರೆಗೂ ಹಿಡಿದಿರಬೇಕು ಎಂಬುದು ನಮ್ಮ ವೃತ್ತಿಯ ಅತಿ ಗಟ್ಟಿಯಾದ ತಪ್ಪು ನಂಬಿಕೆ. ಆ ನಿಯಮಕ್ಕೆ ಮೂರು ಮೆಟ್ಟಿಲು. ಮೊದಲು ಕೋರ್ಸ್, ವೇಗ ಎರಡನ್ನೂ ಕಾಪಾಡಿಕೊಳ್ಳಿ. ಎದುರಿನ ಹಡಗು ತಕ್ಕ ಕ್ರಮ ಕೈಗೊಳ್ಳುತ್ತಿಲ್ಲ ಎಂದು ಗೊತ್ತಾದ ಕೂಡಲೇ ನೀವೇ ಕ್ರಮ ಕೈಗೊಳ್ಳಬಹುದು. ಅವರೊಬ್ಬರ ಕ್ರಮದಿಂದ ಡಿಕ್ಕಿ ತಪ್ಪದು ಎನ್ನುವಷ್ಟು ಹತ್ತಿರ ಬಂದರೆ ಕೈಗೊಳ್ಳಲೇಬೇಕು. ಎರಡನೇ ಮೆಟ್ಟಿಲಿನಲ್ಲಿ "ಬಹುದು" ಎಂದಿರುವುದನ್ನು ಹಲವರು ಬೇಡ ಎಂದು ಓದಿಕೊಳ್ಳುತ್ತಾರೆ. ನಿಯಮ ಯಾರಿಗೂ ದಾರಿಯ ಹಕ್ಕು ಕೊಟ್ಟಿಲ್ಲ, ಇಬ್ಬರಿಗೂ ಕೆಲಸ ಹಂಚಿದೆ.

ಆ ಎರಡನೇ ಮೆಟ್ಟಿಲಿನಲ್ಲಿ ನಿಮ್ಮ ಮುಂದಿದ್ದ ದಾರಿಗಳು ಯಾವುವು? ಎಡಕ್ಕೆ ತಿರುಗುವುದು ಬೇಡವೇ ಬೇಡ. ಎಡಬದಿಯಿಂದ ಅಡ್ಡ ಬರುವ ಹಡಗಿಗಾಗಿ ಎಡಕ್ಕೆ ತಿರುಗಬೇಡಿ ಎಂದು ನಿಯಮವೇ ಹೇಳಿದೆ, ಏಕೆಂದರೆ ಅವರು ತಡವಾಗಿ ಬಲಕ್ಕೆ ತಿರುಗಿದರೆ ಇಬ್ಬರೂ ಒಂದೇ ಬಿಂದುವಿಗೆ ಬರುತ್ತೀರಿ. ವೇಗ ಇಳಿಸುವುದು ಮನಸ್ಸಿಗೆ ಸುರಕ್ಷಿತ ಎನಿಸಿದರೂ ಈ ಸನ್ನಿವೇಶದಲ್ಲಿ ಕೆಟ್ಟ ಆಯ್ಕೆ. ಅವರು ನಿಮ್ಮ ಹಿಂದಿನಿಂದ ದಾಟಲು ಲೆಕ್ಕ ಹಾಕಿದ್ದರೆ ನೀವು ನಿಧಾನವಾದಷ್ಟೂ ಆ ಲೆಕ್ಕ ಮಾಡಿದ ಜಾಗದಲ್ಲಿ ನೀವೇ ಇರುತ್ತೀರಿ. ಅಲ್ಲದೆ ಸಮುದ್ರ ವೇಗದಲ್ಲಿ ಓಡುತ್ತಿರುವ ದೊಡ್ಡ ಡೀಸೆಲ್ ಎಂಜಿನ್ ಲೋಡ್ ಇಳಿಸಲು ಸಮಯ ಬೇಡುತ್ತದೆ. ವೇಗ ಇಳಿದದ್ದು ಎದುರಿನವರ ಕಣ್ಣಿಗೆ ಬೇಗ ಬೀಳುವುದೂ ಇಲ್ಲ. ಉಳಿಯುವುದು ಬಲಕ್ಕೆ ದೊಡ್ಡ ತಿರುವು. ದೊಡ್ಡದು ಎಂದರೆ 60ರಿಂದ 90 ಡಿಗ್ರಿ, ಅವರನ್ನು ನಿಮ್ಮ ಹಿಂಬದಿಗೆ ಹಾಕಿಕೊಂಡು ಸಮಾನಾಂತರವಾಗಿ ಸಾಗುವಷ್ಟು. ಬೇಕಾದರೆ ಪೂರ್ತಿ ಒಂದು ಸುತ್ತು. ಐದೈದು ಡಿಗ್ರಿಯಂತೆ ನೂಕುತ್ತ ಹೋದರೆ ಅವರ ರೇಡಾರ್‌ಗೂ ಕಣ್ಣಿಗೂ ಏನೂ ಗೊತ್ತಾಗುವುದಿಲ್ಲ. ಬಲಗಡೆ ನೀರು ಖಾಲಿ ಇದೆಯೇ ಎಂದು ನೋಡಿಕೊಂಡಿರಬೇಕು. ಇದನ್ನು ನೋಡುವುದು ಆರು ಮೈಲಿಯಲ್ಲಿ, ಎರಡು ಮೈಲಿಯಲ್ಲಲ್ಲ.

ತಿರುಗುವುದಕ್ಕೆ ಮುಂಚೆ ಮಾಡಬೇಕಾದ ಕೆಲಸಗಳೂ ಇವೆ. ಆಟೋಪೈಲಟ್ ಬಿಡಿಸಿ ಕೈ ಸ್ಟೀರಿಂಗ್‌ಗೆ ಬನ್ನಿ, ಕ್ಯಾಪ್ಟನ್‌ರನ್ನು ಕರೆಯಿರಿ, ಎಂಜಿನ್ ಕೋಣೆಗೆ ತಿಳಿಸಿ. ಅನುಮಾನ ಬಂದ ಕೂಡಲೇ ಕನಿಷ್ಠ ಐದು ಚಿಕ್ಕ, ವೇಗದ ಸೀಟಿ, ಜೊತೆಗೆ ಸಂಕೇತ ಕೊಡುವ ಆಲ್ಡಿಸ್ ದೀಪದಿಂದ ಅವರ ಬ್ರಿಡ್ಜ್ ಕಡೆಗೆ ಐದು ಮಿನುಗು. ಮೂರು ಮೈಲಿಯಲ್ಲಿ ಸೀಟಿ ಕೇಳಿಸದಿರಬಹುದು, ಬೆಳಕು ಖಂಡಿತ ಕಾಣುತ್ತದೆ. ಇದನ್ನು ಅವಮಾನ ಎಂದುಕೊಂಡು ಹಿಂಜರಿಯುವ ಅಧಿಕಾರಿಗಳು ಎಷ್ಟೋ ಮಂದಿ. ನಿಯಮ ಸೀಟಿಯನ್ನು ಕಡ್ಡಾಯ ಮಾಡಿದೆ, ಸೌಜನ್ಯದ ಪ್ರಶ್ನೆ ಇಲ್ಲಿಲ್ಲ.

ವಿಎಚ್‌ಎಫ್ ಚಾನೆಲ್ 16ರಲ್ಲಿ ಕರೆಯಬಹುದೇ? ಕರೆಯಬಹುದು, ಆದರೆ ಅದರ ಮೇಲೆ ಭಾರ ಹಾಕಬೇಡಿ. ಹೆಸರು ಗೊತ್ತಿಲ್ಲದ ಹಡಗನ್ನು "ನನ್ನ ಎಡಗಡೆಯ ಹಡಗೇ" ಎಂದು ಕರೆದರೆ ಮತ್ತಾರೋ ಉತ್ತರಿಸಬಹುದು. ನಿಮ್ಮ ಅಕ್ಷಾಂಶ ರೇಖಾಂಶ, ಅವರ ಸ್ಥಾನ, ಕೋರ್ಸ್, ವೇಗ ಹೇಳಿ "ಯುದ್ಧನೌಕೆ" ಎಂದೇ ಕರೆಯಿರಿ. ನಿಯಮಕ್ಕೆ ವಿರುದ್ಧವಾದ ಒಪ್ಪಂದವನ್ನು ರೇಡಿಯೋದಲ್ಲಿ ಮಾಡಿಕೊಳ್ಳಬೇಡಿ. ಮಾತಿನಲ್ಲಿ ಕಳೆದ ಎರಡು ನಿಮಿಷ ಹಿಂತಿರುಗಿ ಬರುವುದಿಲ್ಲ.

ಯುದ್ಧನೌಕೆಯ ಬ್ರಿಡ್ಜ್‌ನಲ್ಲಿ ಹತ್ತಾರು ಕಣ್ಣುಗಳಿರುತ್ತವೆ, ಅವರು ನೋಡದಿರಲು ಸಾಧ್ಯವೇ ಎಂಬ ನಂಬಿಕೆಯೂ ಅಪಾಯಕಾರಿ. 2017ರ ಜೂನ್ 17ರಂದು ಜಪಾನ್ ಕರಾವಳಿಯಲ್ಲಿ ಅಮೆರಿಕದ ವಿಧ್ವಂಸಕ ನೌಕೆ ಫಿಟ್ಜ್‌ಜೆರಾಲ್ಡ್, ಬಲಬದಿಯಿಂದ ಬರುತ್ತಿದ್ದ ಎಸಿಎಕ್ಸ್ ಕ್ರಿಸ್ಟಲ್ ಕಂಟೇನರ್ ಹಡಗಿಗೆ ದಾರಿ ಬಿಡಬೇಕಿತ್ತು, ಬಿಡಲಿಲ್ಲ. ಏಳು ನಾವಿಕರು ಸತ್ತರು. ಬ್ರಿಡ್ಜ್ ತಂಡಕ್ಕೂ ಕೆಳಗಿನ ಯುದ್ಧ ಮಾಹಿತಿ ಕೇಂದ್ರಕ್ಕೂ ನಡುವೆ ಮಾತು ಹರಿಯಲಿಲ್ಲ. ಎರಡು ತಿಂಗಳ ನಂತರ, ಆಗಸ್ಟ್ 21ರಂದು, ಸಿಂಗಪುರ ಜಲಸಂಧಿಯ ಬಳಿ ಜಾನ್ ಎಸ್. ಮೆಕೇನ್ ನೌಕೆ ಅಲ್ನಿಕ್ ಎಂಸಿ ಟ್ಯಾಂಕರ್‌ನ ಮುಂದೆ ತಿರುಗಿತು. ಹತ್ತು ಮಂದಿ ಸತ್ತರು. ಅಲ್ಲಿ ಸ್ಟೀರಿಂಗ್ ಮತ್ತು ಎಂಜಿನ್ ನಿಯಂತ್ರಣವನ್ನು ಎರಡು ಕನ್ಸೋಲ್‌ಗಳಿಗೆ ಹಂಚುವಾಗ ಗೊಂದಲವಾಯಿತು, ಸ್ಟೀರಿಂಗ್ ಕೆಟ್ಟಿತೆಂದು ಸಿಬ್ಬಂದಿ ನಂಬಿದರು, ಒಂದೇ ಪ್ರೊಪೆಲರ್‌ನ ವೇಗ ಇಳಿದು ನೌಕೆ ಎಡಕ್ಕೆ ಎಳೆಯಿತು. ಗೊಂದಲ ಶುರುವಾದಾಗಿನಿಂದ ಡಿಕ್ಕಿಯವರೆಗೆ ಸುಮಾರು ಮೂರು ನಿಮಿಷ. ಹತ್ತಿರದಲ್ಲಿದ್ದ ಟ್ಯಾಂಕರ್‌ಗೆ ಅಷ್ಟರಲ್ಲಿ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. ಈ ಎರಡೂ ನೌಕೆಗಳು ಎಐಎಸ್ ಪ್ರಸಾರ ಮಾಡುತ್ತಿರಲಿಲ್ಲ. ಆಮೇಲೆ ದಟ್ಟಣೆಯ ನೀರಿನಲ್ಲಿ ಅದನ್ನು ಹಾಕುವಂತೆ ಅಮೆರಿಕದ ನೌಕಾಪಡೆ ಸೂಚಿಸಿತು.

2018ರ ನವೆಂಬರ್ 8ರ ನಾರ್ವೆಯ ಘಟನೆ ನಿಮ್ಮಂಥವರಿಗೆ ಇನ್ನೂ ಹತ್ತಿರದ್ದು. ಹೆಲ್ಗೆ ಇಂಗ್‌ಸ್ಟಾಡ್ ಫ್ರಿಗೇಟ್ ಎಐಎಸ್ ಪ್ರಸಾರ ನಿಲ್ಲಿಸಿ ನಸುಕಿನಲ್ಲಿ ಸುಮಾರು 17 ನಾಟ್‌ನಲ್ಲಿ ಬರುತ್ತಿತ್ತು. ಸೋಲಾ ಟಿಎಸ್ ಟ್ಯಾಂಕರ್ ಟರ್ಮಿನಲ್‌ನಿಂದ ಆಗಷ್ಟೇ ಹೊರಟಿತ್ತು, ಡೆಕ್‌ನ ಕೆಲಸದ ದೀಪಗಳೆಲ್ಲ ಉರಿಯುತ್ತಿದ್ದವು. ಆ ಬೆಳಕಿನಲ್ಲಿ ಸಂಚಾರ ದೀಪಗಳು ಮುಳುಗಿಹೋದವು. ಟ್ಯಾಂಕರನ್ನು ಫ್ರಿಗೇಟ್‌ನವರು ದಡದಲ್ಲಿ ನಿಂತ ವಸ್ತು ಎಂದುಕೊಂಡರು. ಟ್ಯಾಂಕರ್‌ನವರಿಗೆ ಎದುರು ಬರುತ್ತಿರುವುದು ಯಾವ ಹಡಗು ಎಂದೇ ಮೊದಲು ತಿಳಿಯಲಿಲ್ಲ, ಸಂಚಾರ ಕೇಂದ್ರಕ್ಕೂ ತಕ್ಷಣ ಗೊತ್ತಾಗಲಿಲ್ಲ. ಫ್ರಿಗೇಟ್‌ನಲ್ಲಿದ್ದ 137 ಜನರೂ ಉಳಿದರು, ನೌಕೆ ಉಳಿಯಲಿಲ್ಲ. ಡೆಕ್ ದೀಪ ಆರಿಸುವುದು ಇಷ್ಟು ದೊಡ್ಡ ವಿಷಯವೇ ಎಂದು ಕೇಳುವ ಬೋಸನ್‌ಗೆ (ಡೆಕ್ ಕೆಲಸಗಾರರ ಮುಖ್ಯಸ್ಥನಿಗೆ) ಇದನ್ನು ಹೇಳಬಹುದು.

ಇನ್ನೊಂದು ಸನ್ನಿವೇಶವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ವೇಗದ ಯುದ್ಧನೌಕೆ ಹಲವು ಸಲ ಬರುವುದು ಹಿಂದಿನಿಂದ. ನಿಮ್ಮ ಬೀಮ್‌ನಿಂದ (ಹಡಗಿನ ನೇರ ಪಕ್ಕದ ದಿಕ್ಕಿನಿಂದ) 22.5 ಡಿಗ್ರಿಗಿಂತ ಹಿಂದಿನ ಕೋನದಿಂದ ಬಂದರೆ ಅದು ಹಿಂದಿಕ್ಕುವ ಹಡಗು, ಪೂರ್ತಿ ದಾಟಿಹೋಗುವವರೆಗೆ ದೂರವಿರುವ ಹೊಣೆ ಅದರದೇ, ಬಲಬದಿಯಲ್ಲಿದ್ದರೂ ಸರಿ. ಮಂಜು ಕವಿದು ಕಣ್ಣಿಗೆ ಕಾಣದಿದ್ದರೆ ಈ ಲೆಕ್ಕವೆಲ್ಲ ರದ್ದು: ನಿಯಮ 19ರಲ್ಲಿ ಕೋರ್ಸ್ ಹಿಡಿಯುವ ಹಡಗು ಎಂಬುದೇ ಇಲ್ಲ, ಇಬ್ಬರೂ ಕ್ರಮ ಕೈಗೊಳ್ಳಬೇಕು.

ಕೊನೆಗೆ ಹೊಣೆಯ ಪ್ರಶ್ನೆ. ಡಿಕ್ಕಿಯಲ್ಲಿ ನಷ್ಟವನ್ನು ಇಬ್ಬರ ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಹಂಚುವ ತತ್ವ 1910ರ ಬ್ರಸೆಲ್ಸ್ ಒಪ್ಪಂದದಿಂದ ಬಂದದ್ದು. ಆ ಒಪ್ಪಂದ ಯುದ್ಧನೌಕೆಗಳನ್ನು ಹೊರಗಿಟ್ಟಿದೆ. ಹಾಗೆಂದು ನೌಕಾಪಡೆ ಕೈತೊಳೆದುಕೊಳ್ಳಬಹುದು ಎಂದಲ್ಲ. ಹಲವು ದೇಶಗಳು ತಮ್ಮ ಸ್ವಂತ ಕಾನೂನಿನಲ್ಲಿ ಸರ್ಕಾರದ ಮೇಲೆ ದಾವೆ ಹೂಡಲು ದಾರಿ ಮಾಡಿವೆ. ಅಮೆರಿಕದಲ್ಲಿ 1925ರ ಸಾರ್ವಜನಿಕ ಹಡಗುಗಳ ಕಾಯ್ದೆ, ಬ್ರಿಟನ್‌ನಲ್ಲಿ 1947ರ ಕ್ರೌನ್ ಪ್ರೊಸೀಡಿಂಗ್ಸ್ ಕಾಯ್ದೆ ಅಂಥವು. ವ್ಯತ್ಯಾಸ ಇರುವುದು ಒತ್ತಡ ಹೇರುವ ಶಕ್ತಿಯಲ್ಲಿ. ಸರಕು ಹಡಗನ್ನು ಬಂದರಿನಲ್ಲಿ ಜಪ್ತಿ ಮಾಡಿ ಭದ್ರತೆ ಪಡೆಯಬಹುದು, ಯುದ್ಧನೌಕೆಗೆ ಸಾರ್ವಭೌಮ ರಕ್ಷಣೆ ಇರುವುದರಿಂದ ಅದನ್ನು ಮುಟ್ಟುವಂತಿಲ್ಲ. ತೆರೆದ ಸಮುದ್ರದ ಡಿಕ್ಕಿಯಲ್ಲಿ ಅಧಿಕಾರಿಯ ಮೇಲೆ ಕ್ರಿಮಿನಲ್ ಅಥವಾ ಶಿಸ್ತು ಕ್ರಮ ಕೈಗೊಳ್ಳಬಹುದಾದದ್ದು ಹಡಗಿನ ಧ್ವಜದ ದೇಶ ಅಥವಾ ಅಧಿಕಾರಿಯ ಪೌರತ್ವದ ದೇಶ ಮಾತ್ರ. ಇದನ್ನು ಸಮುದ್ರ ಕಾನೂನು ಒಪ್ಪಂದದ 97ನೇ ವಿಧಿ ಹೇಳುತ್ತದೆ, ನಿಮಗೂ ಅವರಿಗೂ ಅದು ಒಂದೇ.

ತಪ್ಪಿನ ಪ್ರಮಾಣ ನಿರ್ಧಾರವಾಗುವುದು ಪುರಾವೆಯಿಂದ. ನೌಕಾಪಡೆಯ ದಾಖಲೆ ನಿಮ್ಮ ಕೈಗೆ ಸುಲಭವಾಗಿ ಸಿಗದು, ಆದ್ದರಿಂದ ನಿಮ್ಮದು ಗಟ್ಟಿಯಾಗಿರಬೇಕು. ಡಿಕ್ಕಿಯಾಗಲಿ, ಕೂದಲೆಳೆಯಲ್ಲಿ ತಪ್ಪಿದ್ದಾಗಲಿ, ಕ್ಯಾಪ್ಟನ್‌ಗೆ ಹೇಳಿ ವಿಡಿಆರ್‌ನ (ಹಡಗಿನ ಬ್ಲ್ಯಾಕ್ ಬಾಕ್ಸ್) ಸೇವ್ ಬಟನ್ ಒತ್ತಿಸಿ. ಹಳೆಯ ಮಾದರಿಗಳಲ್ಲಿ 12 ಗಂಟೆ ಕಳೆದರೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ರೇಡಾರ್ ಪರದೆಯ ಚಿತ್ರ, ತೆಗೆದ ಬೇರಿಂಗ್‌ಗಳು, ಸೀಟಿ ಹಾಕಿದ ಸಮಯ ಎಲ್ಲವೂ ಬರಹದಲ್ಲಿರಲಿ. ಬರೆದದ್ದನ್ನು ಅಳಿಸಿ ತಿದ್ದಬೇಡಿ, ತಪ್ಪಿದ್ದರೆ ಒಂದು ಗೆರೆ ಎಳೆದು ಸಹಿ ಹಾಕಿ.

ನಿಮ್ಮ ಘಟನೆ ಡಿಕ್ಕಿಯಾಗಲಿಲ್ಲ, ಆದರೆ ಐಎಸ್ಎಂ (ಹಡಗಿನ ಸುರಕ್ಷತಾ ನಿರ್ವಹಣೆ) ಪದ್ಧತಿಯಲ್ಲಿ ವರದಿ ಮಾಡಬೇಕಾದ ಅಪಾಯದ ಘಟನೆಯೇ. ವರದಿಯಲ್ಲಿ ಯುದ್ಧನೌಕೆಯ ತಪ್ಪನ್ನು ಬರೆಯಿರಿ, ಅದನ್ನು ದೋಣಿ ಎಂದುಕೊಂಡದ್ದನ್ನೂ ಬರೆಯಿರಿ. ಜೊತೆಗೆ ಕ್ಯಾಪ್ಟನ್‌ರನ್ನು ಒಂದು ಸಾಲು ಕೇಳಿ, ರಾತ್ರಿ ಆದೇಶ ಪುಸ್ತಕಕ್ಕೆ: ಎಐಎಸ್ ಇಲ್ಲದ, 15 ನಾಟ್ ಮೀರಿದ, ಬೇರಿಂಗ್ ಬದಲಾಗದ ಗುರುತು ಆರು ಮೈಲಿಗೆ ಬಂದರೆ ನನ್ನನ್ನು ಎಬ್ಬಿಸು.